ಗಿರಣಿಯ ಗೋಡೆಗೆ ಮೂರು ಹೆಡ್‌ಫೋನು

ಸೊಸೆ ಒಳಕೋಣೆಯಿಂದ ಹೊರಗೆ ಬಂದಾಗ ಅವಳ ಮುಖ ಇಷ್ಟೇ ಇಷ್ಟಾಗಿತ್ತು. ಗಿರಣಿಯಮ್ಮ ಅದನ್ನು ಹಿಟ್ಟಿನ ಧೂಳಿನ ನಡುವಿನಿಂದಲೇ ಕಂಡಳು. ಕಂಡವಳೇ ಕೈಚಾಚಿ ಸ್ವಿಚ್ಚು ಎಳೆದಳು. ಬೆಲ್ಟು ನಾಲ್ಕು ಸುತ್ತು ಸುಮ್ಮನೆ ತಿರುಗಿ ನಿಂತಿತು. ಗೋಧಿ ಬೀಸಿಸಲು ಬಂದಿದ್ದ ಇಬ್ಬರು ಹೆಂಗಸರು ಮುಖಮುಖ ನೋಡಿಕೊಂಡರು. ಗಿರಾಕಿ ನಿಂತಿರುವಾಗ ಗಿರಣಿ ನಿಲ್ಲಿಸುವವಳಲ್ಲ ಅವಳು.

"ಏನಾಯ್ತು?"

"ಮೂರು ಸಲ 'ಇನ್ನೊಮ್ಮೆ ಹೇಳಿ' ಅಂದೆ ಅತ್ತೆ. ನಾಲ್ಕನೇ ಸಲಕ್ಕೆ ಅವರೇ ಕೇಳಿದ್ರು, 'ಏನಮ್ಮ, ರೈಲು ಹಳಿ ಮೇಲೆ ಕೂತಿದ್ದೀಯಾ' ಅಂತ."

ಕೆಲಸ ಒಂದು ದೊಡ್ಡ ಆಸ್ಪತ್ರೆಯದು, ಆ ಶನಿವಾರ ಫೋನಿನಲ್ಲೇ ಅದರ ಮೊದಲ ಪರೀಕ್ಷೆ. ಕಾಯಿಲೆಯವರು ಫೋನ್ ಮಾಡುತ್ತಾರೆ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟನೇ ಕೋಣೆಗೆ ಬರಬೇಕು ಎಂದು ಮನೆಯಲ್ಲೇ ಕೂತು ಹೇಳಬೇಕು. ಸೊಸೆಯ ಹಳೇ ಆಫೀಸು ಮುಚ್ಚಿ ಎಂಟು ತಿಂಗಳಾಗಿತ್ತು. ಎಂಟು ತಿಂಗಳಲ್ಲಿ ಕೈಗೆ ಬಂದ ಮೊದಲ ಕೆಲಸ ಇದು. ಕಂಪ್ಯೂಟರು ಬಂತು, ತಂತಿ ಎಳೆದಾಯಿತು, ಮೇಜಿಗೆ ಹೊಸ ಬಟ್ಟೆಯನ್ನೂ ಹಾಸಿದಳು. ಎಲ್ಲ ಸರಿ, ಗೋಡೆ ಒಂದು ಬಿಟ್ಟು. ಆ ಗೋಡೆಯ ಈಚೆ ಅವಳ ಮೇಜು, ಆಚೆ ಅತ್ತೆಯ ಗಿರಣಿ. ನಡುವೆ ಒಂದೇ ಇಟ್ಟಿಗೆಯ ದಪ್ಪ.

"ಕೆಲಸ ಕೊಡಲ್ಲ ಅಂದ್ರಾ?"

"ಗುರುವಾರ ಹನ್ನೊಂದಕ್ಕೆ ಇನ್ನೊಂದು ಸಲ ನೋಡ್ತಾರಂತೆ. ಅಷ್ಟರಲ್ಲಿ ಸದ್ದಿಗೆ ಏನಾದ್ರೂ ದಾರಿ ಮಾಡ್ಕೋಬೇಕು. ಇಲ್ಲಾಂದ್ರೆ ಕಾಯ್ತಿರೋರು ಬೇರೆ ಇದ್ದಾರಂತೆ."

"ಗುರುವಾರ ಗಿರಣಿ ನಿಲ್ಲಿಸ್ತೀನಿ ಬಿಡು."

"ಗುರುವಾರ ನಿಲ್ಲಿಸ್ತೀರಿ. ಶುಕ್ರವಾರ? ದಿನಾ ಎಂಟು ಗಂಟೆ ಕೆಲಸ ಅತ್ತೆ. ಮೋಸ ಮಾಡಿ ಗೆದ್ದು ಮರುದಿನ ಸಿಕ್ಕಿಬೀಳೋದು ನನಗೆ ಬೇಡ. ಪರೀಕ್ಷೆ ಮುಗಿಯೋವರೆಗೂ ಗಿರಣಿ ನಡೀಬೇಕು. ಆಗ ಆದ್ರೆ ಆಯ್ತು."

ಆಗದಿದ್ದರೆ ಏನು ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸೊಸೆಯ ಅಕ್ಕನ ಊರಿನಲ್ಲಿ ಒಂದು ಅಂಗಡಿಯ ಮೇಜಿನ ಕೆಲಸ ಖಾಲಿ ಇದೆ ಎಂದು ಎರಡು ತಿಂಗಳ ಹಿಂದೆ ಊಟ ಮಾಡುತ್ತ ಒಂದು ಮಾತು ಬಂದು ಹೋಗಿತ್ತು. ಸೊಸೆ ಮರೆತಿರಬಹುದು, ಗಿರಣಿಯಮ್ಮ ಮರೆತಿರಲಿಲ್ಲ. ಮಗ ಲಾರಿಯವನು, ತಿಂಗಳಿಗೆ ನಾಲ್ಕು ದಿನ ಮನೆ ಕಂಡರೆ ಹೆಚ್ಚು. ಉಳಿದ ದಿನವೆಲ್ಲ ಆ ಮನೆಯಲ್ಲಿ ಒಬ್ಬರಿಗೊಬ್ಬರು ಎಂದು ಇದ್ದವರು ಈ ಇಬ್ಬರೇ.

ಎದುರು ಅಂಗಡಿಯ ದರ್ಜಿ ಸುದ್ದಿ ಕೇಳಿ ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ರಸ್ತೆ ದಾಟಿ ಬಂದ. "ಅಕ್ಕ, ಸದ್ದು ಕೊಲ್ಲೋ ಹೆಡ್‌ಫೋನು ಅಂತ ಬಂದಿದೆ. ತಂತಿ ಗಿಂತಿ ಇಲ್ಲ. ನನ್ನ ಅಳಿಯ ಹಾಕ್ಕೋತಾನೆ. ಹಾಕ್ಕೊಂಡ್ರೆ ನನ್ನ ಮಗಳು ಬೈಯೋದೂ ಕೇಳಲ್ವಂತೆ. ಸಂಸಾರ ಚೆನ್ನಾಗಿದೆ."

ಗಿರಣಿಯಮ್ಮ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೊಡವಿದಳು. "ಎಲ್ಲಿ ಸಿಗತ್ತೆ?"

ಮೊಬೈಲ್ ಅಂಗಡಿಯವನು ಗಿರಣಿಯ ಹಳೇ ಗಿರಾಕಿ. ಗಾಜಿನ ಕಪಾಟಿನ ಮೇಲಿನ ಸಾಲಿನಿಂದ ಒಂದನ್ನು ತೆಗೆದು ಮಗುವನ್ನು ಎತ್ತಿಕೊಡುವ ಹಾಗೆ ಎರಡು ಕೈಯಲ್ಲಿ ಕೊಟ್ಟ. ಗಿರಣಿಯಮ್ಮ ಬೆಲೆ ಕೇಳಿದಳು, ಕೇಳಿ ಹಾಗೆಯೇ ಹಿಂದಕ್ಕೆ ಕೊಟ್ಟಳು.

"ಇದನ್ನ ತಗೊಂಡ್ರೆ ಗಿರಣಿ ಸದ್ದು ಮಾತ್ರ ಅಲ್ಲ, ಗಿರಣಿನೇ ಹೋಗತ್ತೆ. ಕೆಳಗಿನ ಸಾಲಿಂದು ತೋರಿಸು."

"ಅಗ್ಗದ್ದು ಅಗ್ಗದ ಹಾಗೇ ಇರತ್ತೆ ಅಮ್ಮ."

"ಅದನ್ನ ನಾನು ನೋಡ್ಕೋತೀನಿ. ಮೂರು ತರ ಮೂರು ಕೊಡು. ಬುಧವಾರ ಎರಡು ವಾಪಸು ತರ್ತೀನಿ."

"ವಾಪಸಾ! ಪೆಟ್ಟಿಗೆ ಬಿಚ್ಚಿದ ಮೇಲೆ ವಾಪಸು ತಗೊಳ್ಳೋ ಹಾಗಿಲ್ಲಮ್ಮ."

"ಹೋದ ತಿಂಗಳು ಹಿಟ್ಟು ತರಿತರಿ ಆಯ್ತು ಅಂತ ಚೀಲ ತಂದು ನನ್ನ ಮುಂದೆ ಕುಕ್ಕಿದೆ. ನಾನೇನಂದೆ?"

ಅವನು ತಲೆ ಕೆರೆದುಕೊಂಡ. "ಏನೂ ಅನ್ಲಿಲ್ಲ. ಮತ್ತೆ ಬೀಸಿಕೊಟ್ರಿ."

"ಚೀಲದ ಬಾಯಿ ಬಿಚ್ಚಿತ್ತೋ ಇಲ್ವೋ?"

"ಬಿಚ್ಚಿತ್ತು."

"ಹಾಗಾದ್ರೆ?"

ಅವನು ಮೂರು ಪೆಟ್ಟಿಗೆ ಚೀಲಕ್ಕೆ ಹಾಕಿದ. ಒಂದು ಕಿವಿಯೊಳಗೆ ತೂರಿಸುವ ಬಿಳಿ ಗುಂಡಿಗಳು. ಇನ್ನೊಂದು ತಲೆಯ ಮೇಲಿಂದ ಹಾಕಿಕೊಳ್ಳುವ ಕಪ್ಪನೆಯದು, ದಿಂಬಿನಂಥ ಮೆತ್ತೆಗಳದ್ದು. ಮೂರನೆಯದು ಬೂದು ಬಣ್ಣದ್ದು, ನೋಡಲು ಒರಟು, ಬಾಯಿಯ ಹತ್ತಿರ ಬರುವ ಹಾಗೆ ಒಂದು ಪುಟ್ಟ ಕಡ್ಡಿಯ ಮೈಕು. ಹೊರಡುವಾಗ ಅವನು ವಿವರಿಸಿದ: ಹೊರಗೆ ಎಂಥ ಸದ್ದು ಬರುತ್ತದೋ ಅದಕ್ಕೆ ಎದುರಾಗಿ ಇವು ಒಳಗೊಂದು ಸದ್ದು ಮಾಡುತ್ತವೆ, ಎರಡೂ ಸೇರಿ ಇಲ್ಲವಾಗುತ್ತವೆ. ಗಿರಣಿಯಮ್ಮನಿಗೆ ಇದು ಥಟ್ಟನೆ ಅರ್ಥವಾಯಿತು. ಕಲ್ಲಿಗೆ ಕಲ್ಲು ಎದುರಾಗಿ ಕಾಳು ಪುಡಿಯಾಗುವುದನ್ನು ದಿನವಿಡೀ ನೋಡುವವಳಲ್ಲವೇ.

ಭಾನುವಾರ ಗಿರಣಿಗೆ ರಜೆ. ಆ ದಿನವನ್ನು ಅವಳು ಬೇರೆ ಗುಣ ನೋಡಲು ಇಟ್ಟುಕೊಂಡಳು. ಮೊದಲು ಹಿಟ್ಟಿನ ತಕ್ಕಡಿ ತಂದು ಮೂರನ್ನೂ ತೂಗಿದಳು.

"ಅತ್ತೆ, ಹೆಡ್‌ಫೋನನ್ನ ತೂಕಕ್ಕೆ ಮಾರ್ತಾರಾ?" ಸೊಸೆ ನಕ್ಕಳು. ಶನಿವಾರದಿಂದ ಅದೇ ಮೊದಲ ನಗು.

"ಎಂಟು ಗಂಟೆ ಹೊರೋ ತಲೆ ನಿಂದು. ತೂಗ್ದೆ ಇರ್ಲಾ?"

ಬಿಳಿ ಗುಂಡಿಗಳಿಗೆ ತೂಕವೇ ಇರಲಿಲ್ಲ, ಆದರೆ ಸೊಸೆ ಒಂದು ಚೂರು ರೊಟ್ಟಿ ಅಗಿದರೆ ಸಾಕು, ಬಲಗಡೆಯದು ಜಾರಿ ಬೀಳುತ್ತಿತ್ತು. ಅಗಿದರೆ ಬೀಳುವುದು ಮಾತಾಡಿದರೂ ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಪೆಟ್ಟಿಗೆ ಸೇರಿತು. ಕಪ್ಪನೆಯದರಲ್ಲಿ ಎರಡು ಗಂಟೆಗೆ ಕಿವಿ ಬೆವೆತಿತು, ಬೂದು ಬಣ್ಣದ್ದರಲ್ಲಿ ಕನ್ನಡಕದ ಕಡ್ಡಿ ಒತ್ತಿ ಕೆಂಪಗೆ ಗೆರೆ ಬಿತ್ತು. ಗಿರಣಿಯಮ್ಮ ಕನ್ನಡಕದ ಕಡ್ಡಿಯನ್ನು ತುಸು ಮೇಲಕ್ಕೆ ಸರಿಸಿ ನೋಡಿದಳು, ಮೆತ್ತೆಯನ್ನು ಬೆರಳಿನಿಂದ ಹಿಸುಕಿ ಸಡಿಲಿಸಿದಳು. ಮತ್ತೆರಡು ಗಂಟೆ ಹಾಕಿಸಿದಳು. ಗೆರೆ ಹೋಗಲಿಲ್ಲ, ನೋವು ಮಾತ್ರ ಹೋಯಿತು. ಎರಡನ್ನೂ ಬೆಳಗಿನಿಂದ ಆರಿಸದೆ ಇಟ್ಟಿದ್ದಳು. ಸಂಜೆಗೂ ಎರಡರ ಬ್ಯಾಟರಿಯಲ್ಲೂ ಜೀವ ಇತ್ತು.

ಸೋಮವಾರ ಗಿರಣಿ ಶುರುವಾಯಿತು. ಸದ್ದಿನ ಪರೀಕ್ಷೆಗೆ ತಾನೇ ಕೂರುತ್ತೇನೆ ಎಂದು ಗಿರಣಿಯಮ್ಮ ಪಟ್ಟು ಹಿಡಿದಳು.

"ಮೂವತ್ತೊಂದು ವರ್ಷ ಇದರ ಜೊತೆ ಬಾಳಿದ್ದೀನಿ. ಇದರ ಸದ್ದಿನ ಗುಣ ನನಗಿಂತ ಯಾರಿಗೆ ಗೊತ್ತು? ನೀನು ಹೋಗಿ ಕಾಳು ಸುರೀತಾ ಇರು. ಬೆಲ್ಟಿನ ಹತ್ತಿರ ಹೋಗ್ಬೇಡ."

ಅವಳು ಸೊಸೆಯ ಮೇಜಿನ ಮುಂದೆ ಕೂತು ಬೂದು ಬಣ್ಣದ್ದನ್ನು ಹಾಕಿಕೊಂಡಳು. ಗಿರಣಿ ದೂರ ಹೋದಂತಾಯಿತು, ಆದರೆ ಹೋಗಲಿಲ್ಲ. ಬೀದಿಯ ಕೊನೆಯ ಮನೆಯಲ್ಲಿ ಯಾರೋ ಗೊಣಗುತ್ತಿರುವ ಹಾಗೆ. ಆಮೇಲೆ ಕಪ್ಪನೆಯದನ್ನು ಹಾಕಿಕೊಂಡು ಗುಂಡಿ ಒತ್ತಿದಳು. ಗಿರಣಿ ನಿಂತೇ ಹೋಯಿತು. ಗೋಡೆಗೆ ಅಂಗೈ ಇಟ್ಟು ನೋಡಿದಳು. ಗೋಡೆ ನಡುಗುತ್ತಿತ್ತು, ಗಿರಣಿ ನಡೆಯುತ್ತಲೇ ಇತ್ತು. ಹಾಗೆ ಅಂಗೈ ಇಟ್ಟುಕೊಂಡೇ ಸ್ವಲ್ಪ ಹೊತ್ತು ಕೂತಳು. ಮದುವೆಯಾಗಿ ಬಂದ ಮೇಲೆ ಗಿರಣಿ ನಡೆಯುವ ಹಗಲು ಹೊತ್ತಿನಲ್ಲಿ ಇಂಥ ಮೌನ ಕಂಡವಳಲ್ಲ.

"ಕಪ್ಪನೇದೇ," ಎಂದು ತೀರ್ಪು ಕೊಟ್ಟಳು. "ಸಿಡಿಲು ಬಿದ್ರೂ ಕೇಳಲ್ಲ."

ಸೊಸೆ ಕೂತು ಹಾಕಿಕೊಂಡಳು. ಕಣ್ಣು ಮುಚ್ಚಿದಳು, ತೆರೆದಳು. "ಗುಂಯ್ ಅನ್ನೋದು ಹೋಯ್ತು ಅತ್ತೆ. ಆದ್ರೆ ಆ ಕಿರ್ ಅನ್ನೋದು ಹಾಗೇ ಇದೆ. ಇನ್ನೂ ಜಾಸ್ತಿನೇ ಆದ ಹಾಗಿದೆ."

"ಯಾವ ಕಿರ್?"

"ಅದೇ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಹಾಗೆ. ಹಲ್ಲು ಜುಂ ಅನ್ನತ್ತೆ."

"ಹಾಗೆಲ್ಲ ಇಲ್ಲ. ನಿಂದು ನಾಜೂಕು ಕಿವಿ."

"ಹೆಡ್‌ಫೋನು ಇಲ್ದೆ ಬರೀ ಕಿವಿಯಲ್ಲೇ ಕೇಳಿ ಅತ್ತೆ. ಈಗಲೂ ಬರ್ತಿದೆಯಲ್ಲ!"

ಗಿರಣಿಯಮ್ಮ ಕೇಳಿದಳು. ಗುಂಯ್ ಎನ್ನುವುದು ಇತ್ತು, ಗಡಗಡ ಇತ್ತು. ಕಿರ್ ಇರಲಿಲ್ಲ. ಸೊಸೆಯ ಮುಖ ನೋಡಿದಳು. ಅವಳ ಹುಬ್ಬು ಗಂಟಿಕ್ಕಿತ್ತು, ಸುಳ್ಳು ಹೇಳುವ ಮುಖವಲ್ಲ. ಹೊರಗೆ ಹೋಗಿ ಗಿರಣಿ ನಿಲ್ಲಿಸಿ ಬಂದು, ಗೋಡೆಯ ಮೇಲಿನ ಗಡಿಯಾರ ತೋರಿಸಿದಳು.

"ಇದು ಸದ್ದು ಮಾಡತ್ತಾ?"

"ಟಿಕ್ ಟಿಕ್ ಅಂತಾನೇ ಇರತ್ತಲ್ಲ ಅತ್ತೆ."

"ನಾನು ಇದನ್ನ ಸದ್ದಿಲ್ಲದ ಗಡಿಯಾರ ಅಂದ್ಕೊಂಡಿದ್ದೆ," ಅಂದಳು ಗಿರಣಿಯಮ್ಮ.

ಗಿರಣಿಯಲ್ಲಿ ಗಿರಾಕಿಗಳ ಮಾತನ್ನು ಅವಳು ತುಟಿ ನೋಡಿಯೇ ತಿಳಿಯುತ್ತಿದ್ದಳು. ಆ ಗದ್ದಲದಲ್ಲಿ ಎಲ್ಲ ಗಿರಣಿಯವರೂ ಹಾಗೆಯೇ. ಆ ಅಭ್ಯಾಸ ಯಾವಾಗ ಗಿರಣಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಊಟದ ಮಣೆಗೆ ಬಂತು ಎಂದು ಅವಳಿಗೇ ಗೊತ್ತಾಗಿರಲಿಲ್ಲ. ಕಿವಿಯೊಳಗಿನ ಸಣ್ಣ ಸದ್ದುಗಳನ್ನೆಲ್ಲ ಕಲ್ಲು ಒಂದೊಂದಾಗಿ ಬೀಸಿ ಹಾಕಿತ್ತು. ಉಳಿದದ್ದು ದಪ್ಪ ಸದ್ದು, ಅದನ್ನು ಕಪ್ಪನೆಯದು ನುಂಗಿತು. ಅವಳ ಪಾಲಿಗೆ ಜಗತ್ತೇ ನಿಶ್ಶಬ್ದ. ಆ ಕಿವಿ ನಂಬಿ ಸೊಸೆಯ ಅನ್ನದ ವಿಷಯಕ್ಕೆ ತೀರ್ಪು ಕೊಡಲು ಹೊರಟಿದ್ದಳು.

"ಡಾಕ್ಟರ ಹತ್ತಿರ ಹೋಗೋಣ ಅತ್ತೆ," ಸೊಸೆ ಮೆಲ್ಲಗೆ ಅಂದಳು.

"ಹೋಗೋಣ. ಶುಕ್ರವಾರ. ಈಗ ಮೂರೇ ದಿನ ಇದೆ." ಅವಳು ಎದ್ದು ಬಟ್ಟೆಯನ್ನು ತಲೆಗೆ ಬಿಗಿದು ಕಟ್ಟಿದಳು. "ನನ್ನ ಕಿವಿ ತೀರ್ಪು ಬೇಡ, ಹಾಗಾದ್ರೆ. ನೀನು ಕೇಳು, ನಾನು ಹುಡುಕ್ತೀನಿ. ಮೊದಲು ಆ ಕಡೆಗೆ ಏನು ಕೇಳತ್ತೆ ಅಂತ ನೋಡೋಣ. ದರ್ಜಿಗೆ ಫೋನ್ ಮಾಡು."

ಗಿರಣಿ ಶುರು ಮಾಡಿ, ಕಪ್ಪನೆಯದನ್ನು ಹಾಕಿಕೊಂಡು ಸೊಸೆ ಎದುರು ಅಂಗಡಿಗೆ ಫೋನ್ ಮಾಡಿದಳು. ಹತ್ತು ಸಂಖ್ಯೆ ಹೇಳುತ್ತಾಳೆ, ದರ್ಜಿ ಬರೆದುಕೊಳ್ಳಬೇಕು ಎಂದು ಮಾತಾಗಿತ್ತು. ಎರಡು ನಿಮಿಷಕ್ಕೆ ಅವನು ಚೀಟಿ ಹಿಡಿದು ರಸ್ತೆ ದಾಟಿದ. ಚೀಟಿಯಲ್ಲಿ ನಾಲ್ಕೇ ಸಂಖ್ಯೆ.

"ಅಕ್ಕ, ಸೊಸೇನ ಗೋಧಿ ಜೊತೆ ಬೀಸೋಕೆ ಹಾಕಿದ್ದೀರಾ ಹೇಗೆ? ಅರ್ಧ ಮಾತು ಹಿಟ್ಟಾಗಿ ಬಂತು."

ಇದನ್ನು ಯಾರೂ ಹೇಳಿರಲಿಲ್ಲ. ಹೆಡ್‌ಫೋನು ಸದ್ದು ಅಳಿಸುವುದು ಹಾಕಿಕೊಂಡವರ ಕಿವಿಗೆ. ಆಚೆ ತುದಿಯವರಿಗೆ ಏನು ಹೋಗುತ್ತದೆ ಎಂಬುದು ಮೈಕಿನ ಕೆಲಸ. ಕಪ್ಪನೆಯದರ ಮೈಕು ಕಿವಿಯ ಹತ್ತಿರವೇ ಎಲ್ಲೋ ಅವಿತು ಕೂತಿತ್ತು, ಮಾತು ಗಿರಣಿ ಎರಡನ್ನೂ ಒಟ್ಟಿಗೆ ತುಂಬಿ ಕಳಿಸುತ್ತಿತ್ತು. ಬೂದು ಬಣ್ಣದ್ದನ್ನು ಹಾಕಿ, ಕಡ್ಡಿಯನ್ನು ಬಾಯಿಯ ಪಕ್ಕಕ್ಕೆ ತಿರುಗಿಸಿ ಮತ್ತೆ ಮಾಡಿದರು. ಈ ಸಲ ಒಂಬತ್ತು ಸಂಖ್ಯೆ ಬಂದವು.

"ಹತ್ತನೇದು?" ಗಿರಣಿಯಮ್ಮ ಕೇಳಿದಳು.

"ಹತ್ತನೇದು ಹೇಳುವಾಗ ನನ್ನ ಗಿರಾಕಿ ಬಂದ. ಪ್ಯಾಂಟು ಬಿಗಿ ಅಂತ ಜಗಳ."

"ಅದು ಪರೀಕ್ಷೆಗೆ ಸೇರಲ್ಲ ಬಿಡಯ್ಯ."

ಹೀಗೆ ಸಿಡಿಲು ಬಿದ್ದರೂ ಕೇಳದ ಕಪ್ಪನೆಯದು ಪೆಟ್ಟಿಗೆ ಸೇರಿತು, ಒರಟು ಬೂದು ಬಣ್ಣದ್ದು ಉಳಿಯಿತು. ಆದರೆ ಬೂದು ಬಣ್ಣದ್ದು ಗುಂಯ್ ಎನ್ನುವುದನ್ನು ಅರ್ಧವೇ ನುಂಗುತ್ತಿತ್ತು, ಕಿರ್ ಎನ್ನುವುದನ್ನು ಮುಟ್ಟುತ್ತಲೇ ಇರಲಿಲ್ಲ. ಮೂವತ್ತನೇ ಕೋಣೆಗೆ ಹೋಗಬೇಕಾದ ಕಾಯಿಲೆಯವರನ್ನು ಬೇರೆಲ್ಲೋ ಕಳಿಸಿದರೆ ಏನು ಗತಿ ಎಂದು ಸೊಸೆ ಉಗುರು ಕಚ್ಚಿದಳು.

"ಅದರ ಕೈಲಿ ಆಗೋಷ್ಟು ಅದು ಮಾಡಿದೆ," ಅಂದಳು ಅತ್ತೆ. "ಉಳಿದದ್ದು ಗಿರಣಿ ಕೈಲಿ ಮಾಡಿಸೋಣ."

ಮಂಗಳವಾರ ಗಿರಾಕಿಗಳ ಗದ್ದಲ ಇಳಿದ ಮೇಲೆ ಅತ್ತೆ ಸೊಸೆ ಟೊಂಕ ಕಟ್ಟಿದರು. ಗಿರಣಿಯಮ್ಮ ಒಂದು ಗಟ್ಟಿ ಮರದ ಕೋಲು ತಂದಳು. ಗಂಡ ಬದುಕಿದ್ದಾಗ ಕಲಿಸಿದ ವಿದ್ಯೆ ಅದು: ಯಂತ್ರದ ಮೈಗೆ ಕೋಲಿನ ಒಂದು ತುದಿ, ಕಿವಿಯ ಹಿಂದಿನ ಮೂಳೆಗೆ ಇನ್ನೊಂದು ತುದಿ. ಕಿವಿಗೆ ಕೇಳದ್ದನ್ನು ಮೂಳೆ ಹೇಳುತ್ತದೆ. ಸೊಸೆ ಒಳಕೋಣೆಯ ಬಾಗಿಲಲ್ಲಿ ಬೂದು ಹೆಡ್‌ಫೋನು ಹಾಕಿಕೊಂಡು ನಿಂತಳು. ಕಿರ್ ಬಂದಾಗ ಕೈ ಎತ್ತಬೇಕು, ನಿಂತಾಗ ಇಳಿಸಬೇಕು.

ಗಿರಣಿಯಮ್ಮ ಕಾಳು ಸುರಿಯುವ ತಗಡಿನ ಡಬ್ಬವನ್ನು ಅಂಗೈಯಿಂದ ಅದುಮಿದಳು. ಸೊಸೆಯ ಕೈ ಅರ್ಧ ಇಳಿಯಿತು. ಒಬ್ಬ ಕಳ್ಳ ಸಿಕ್ಕಿದ. ಗಿರಣಿ ನಿಲ್ಲಿಸಿ, ತಗಡು ಕೂರುವ ಜಾಗಕ್ಕೆಲ್ಲ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಒಳಗಿಟ್ಟು ಸ್ಕ್ರೂ ಬಿಗಿದಳು. ಮತ್ತೆ ಶುರು. ಕೋಲನ್ನು ಮೋಟಾರಿಗೆ ಹಿಡಿದಳು, ಸರಿಯಿತ್ತು. ಕಲ್ಲಿನ ಆಚೆಯ ಬೇರಿಂಗಿಗೆ ಹಿಡಿದಳು, ಮೂಳೆಯೊಳಗೆ ಮರಳು ಹರಿದ ಹಾಗಾಯಿತು. "ಎಷ್ಟು ದಿನದಿಂದ ಒಣಗಿದ್ದೀಯೋ ಪಾಪಿ," ಎಂದು ಬೇರಿಂಗನ್ನು ಬೈದಳು. ಬೈದದ್ದು ಯಾರನ್ನು ಎಂದು ತನಗೇ ಗೊತ್ತಿತ್ತು. ಮೊದಲಾಗಿದ್ದರೆ ಅದು ಒಣಗಿದ ದಿನವೇ ಅವಳಿಗೆ ತಿಳಿಯುತ್ತಿತ್ತು. ಗಿರಣಿ ನಿಲ್ಲಿಸಿ ಗ್ರೀಸು ತುಂಬಿದಳು. ಬೆಲ್ಟು ಸಡಿಲಾಗಿ ಜಾರುತ್ತಿತ್ತು. ಮೋಟಾರಿನ ಬೋಲ್ಟು ಸಡಿಲಿಸಿ, ಇಬ್ಬರೂ ಸೇರಿ ಒಂದು ಬೆರಳಷ್ಟು ಹಿಂದಕ್ಕೆ ಎಳೆದರು. ಸೊಸೆಯ ಅಂಗೈ ಕರಿ ಹಿಡಿಯಿತು, ಕನ್ನಡಕ ಹಿಟ್ಟು ಹಿಡಿಯಿತು.

ಮತ್ತೆ ಶುರು ಮಾಡಿದಾಗ ಅವಳ ಕೈ ಏಳಲಿಲ್ಲ. ಗಿರಣಿಯಮ್ಮ ಆ ಕೈಯನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ನಿಂತಳು. ಒಂದು ನಿಮಿಷ, ಎರಡು ನಿಮಿಷ. ಡಬ್ಬದ ತಳದಲ್ಲಿ ಕಾಳು ಮುಗಿಯುತ್ತ ಬಂದಿತ್ತು. ಮುಗಿದದ್ದೇ ತಡ, ಕೈ ಸರ್ರನೆ ಮೇಲೆ ಹೋಯಿತು.

"ಖಾಲಿ ಕಲ್ಲು!" ಅತ್ತೆ ಸ್ವಿಚ್ಚು ಎಳೆದಳು. "ಕಾಳಿಲ್ದೆ ಕಲ್ಲಿಗೆ ಕಲ್ಲು ತಿಕ್ಕತ್ತೆ. ಅದಕ್ಕೆ ಗ್ರೀಸೂ ಇಲ್ಲ, ಟ್ಯೂಬೂ ಇಲ್ಲ. ಖಾಲಿ ಆಗೋಕೆ ಬಿಡಬಾರ್ದು, ಅಷ್ಟೆ."

"ಖಾಲಿ ಆಗೋದು ನಿಮಗೆ ಹೇಗೆ ಗೊತ್ತಾಗತ್ತೆ ಅತ್ತೆ?"

ಇಷ್ಟು ದಿನ ಸದ್ದಿನಿಂದಲೇ ಗೊತ್ತಾಗುತ್ತಿದೆ ಎಂದು ಅವಳು ತಿಳಿದಿದ್ದಳು. ಈಗ ಯೋಚಿಸಿದರೆ ಹಾಗಲ್ಲ. "ಕೈಗೆ ಗೊತ್ತಾಗತ್ತೆ," ಅಂದಳು.

ಬುಧವಾರ ಎರಡು ಪೆಟ್ಟಿಗೆ ವಾಪಸಾದವು. ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿದ. ಹಿಟ್ಟಿನ ಒಂದು ಕಣವೂ ಇರಲಿಲ್ಲ.

ಗುರುವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಸೊಸೆ ಬೂದು ಬಣ್ಣದ್ದನ್ನು ಹಾಕಿಕೊಂಡು ಬಾಗಿಲು ಮುಚ್ಚಿಕೊಂಡಳು. ಗಿರಣಿಯಮ್ಮ ತಾನೇ ಕೊಂಡ ಮೂರು ಚೀಲ ಗೋಧಿ ಪಕ್ಕದಲ್ಲಿ ಸಾಲಾಗಿ ಇಟ್ಟುಕೊಂಡಿದ್ದಳು. ಅರ್ಧ ಗಂಟೆಯ ಪರೀಕ್ಷೆ, ಮೂರು ಚೀಲ ಧಾರಾಳ ಎಂದು ಅವಳ ಲೆಕ್ಕ. ಎಡ ಅಂಗೈ ತಗಡಿನ ಡಬ್ಬದ ಮೇಲೆ ಊರಿ, ಬಲಗೈಯಲ್ಲಿ ಸೇರು ಸೇರಾಗಿ ಸುರಿದಳು. ಬಂದ ಗಿರಾಕಿಗಳಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಸದಾ ಕೂಗಿ ಮಾತಾಡುವ ಆ ಜಾಗದಲ್ಲಿ ಅವರು ಗಾಬರಿಯಾಗಿ ಚಪ್ಪಲಿಯನ್ನೂ ಸದ್ದಾಗದಂತೆ ಬಿಟ್ಟರು.

ಹನ್ನೊಂದೂವರೆ ಆಯಿತು. ಬಾಗಿಲು ತೆರೆಯಲಿಲ್ಲ. ಮೂರನೇ ಚೀಲದ ತಳ ಕಾಣಿಸಿತು. ಹನ್ನೊಂದು ನಲವತ್ತು. ಚೀಲ ಮಗುಚಿ ಕೊಡವಿದಳು. ಗಿರಾಕಿಗಳು ತಂದ ಕಾಳು ಮಸಾಲೆಯದ್ದು, ಅದನ್ನು ಗೋಧಿಯ ಮೇಲೆ ಸುರಿಯುವಂತಿಲ್ಲ. ಅಂಗೈ ಕೆಳಗೆ ತಗಡು ಹಗುರವಾಗುತ್ತ ಬಂತು. ಸ್ವಿಚ್ಚು ಒಂದು ಮೊಳ ದೂರದಲ್ಲಿತ್ತು. ಎಳೆದರೆ ಆಯಿತು. ಕಾಳು ಮುಗಿದರೆ ಗಿರಣಿ ನಿಲ್ಲಿಸುವುದು ಯಾವ ಊರಿನಲ್ಲೂ ತಪ್ಪಲ್ಲ, ಕೇಳುವವರೂ ಯಾರೂ ಇಲ್ಲ. ಕೈ ಅಷ್ಟು ದೂರ ಹೋಯಿತು ಕೂಡ. ಆದರೆ ಪರೀಕ್ಷೆ ಮುಗಿಯೋವರೆಗೂ ಗಿರಣಿ ನಡೀಬೇಕು ಎಂದವಳು ಕೇಳಿಕೊಂಡಿದ್ದು ಸಹಾಯ ಅಲ್ಲ, ನಿಜವಾದ ಸದ್ದು. ಅದನ್ನು ಈಗ ಕದ್ದು ನಿಲ್ಲಿಸಿದರೆ ನಾಳೆಯಿಂದ ಆ ಹುಡುಗಿ ತನ್ನ ಗೆಲುವನ್ನು ತಾನೇ ನಂಬಲಾರಳು.

ಗಿರಣಿಯಮ್ಮ ಬಗ್ಗಿ, ಈಗಷ್ಟೇ ಬೀಸಿ ಬಿದ್ದಿದ್ದ ಹಿಟ್ಟಿನ ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿ ಮತ್ತೆ ಕಲ್ಲಿನ ಬಾಯಿಗೇ ಸುರಿದಳು. ನಿಂತಿದ್ದ ಗಿರಾಕಿ ಹೆಂಗಸು ಬಾಯಿ ಬಿಟ್ಟಳು. ಬೀಸಿದ ಹಿಟ್ಟನ್ನು ಬೀಸುವ ಗಿರಣಿಯವಳನ್ನು ಅವಳು ನೋಡಿರಲಿಲ್ಲ. ಹಿಟ್ಟು ಕಲ್ಲಿನ ನಡುವೆ ಮೆತ್ತಗೆ ಇಳಿಯಿತು. ಒಮ್ಮೆ ಬೀಸಿದ್ದು ಎರಡನೇ ಸಲ ಬಂತು, ಎರಡನೇ ಸಲದ್ದು ಮೂರನೇ ಸಲ ಹೋಯಿತು. ತೋಳು ಸೋತು ಬಂದರೂ ಸುರಿದಾದ ಮೇಲೆಲ್ಲ ಅಂಗೈ ತಗಡಿಗೇ ಮರಳಿತು.

ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಬಾಗಿಲು ತೆರೆಯಿತು. ಸೊಸೆ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಬಂದು, ತಾನೇ ಕೈಚಾಚಿ ಸ್ವಿಚ್ಚು ಎಳೆದಳು.

"ಇಪ್ಪತ್ತೆರಡು ಫೋನು ಅತ್ತೆ. ಒಂದಕ್ಕೂ 'ಇನ್ನೊಮ್ಮೆ ಹೇಳಿ' ಅನ್ಲಿಲ್ಲ. ಕೊನೆಗೆ ಅವರು ಕೇಳಿದ್ರು, 'ಮನೆ ಬದಲಾಯಿಸಿದ್ರಾ' ಅಂತ. ಇಲ್ಲ, ಗೋಡೆ ಆಚೆ ನಡೀತಾನೇ ಇದೆ ಅಂದೆ. ನಂಬಲೇ ಇಲ್ಲ. ಮೈಕನ್ನ ಗೋಡೆಗೆ ಹಿಡಿದು ಕೇಳಿಸಿದೆ."

"ಆಮೇಲೆ?"

"ಸೋಮವಾರದಿಂದ."

ಗಿರಣಿಯಮ್ಮ ಮೂರು ಸಲ ಬೀಸಿದ ಹಿಟ್ಟನ್ನು ಒಂದು ಚಿಟಿಕೆ ತೆಗೆದುಕೊಂಡು ಬೆರಳ ನಡುವೆ ತಿಕ್ಕಿ ನೋಡಿದಳು. ರೇಷ್ಮೆಯ ಹಾಗಿತ್ತು, ಏನಕ್ಕೂ ಬಾರದಷ್ಟು ನುಣ್ಣಗೆ.

"ಹಾಗಾದ್ರೆ ಭಾನುವಾರ ಕಲ್ಲು ಬಿಚ್ಚಬೇಕು," ಅಂದಳು. "ಕಲ್ಲಿನ ಹಲ್ಲು ಕೊರೆದು ವರ್ಷ ಆಯ್ತು, ಬೀಸೋ ಗೆರೆ ಸವೆದಿದೆ. ಹೊಸ ಹಲ್ಲಿಗೆ ಮೊದಲೆರಡು ದಿನ ಬೇರೆ ತರ ಸದ್ದು ಬರತ್ತೆ. ನೀನೇ ಕೇಳಿ ಹೇಳ್ಬೇಕು. ಬೆಳಗ್ಗೆ ಆರಕ್ಕೆ ಏಳ್ತೀಯಾ?"

"ಐದೂವರೆಗೇ ಏಳ್ತೀನಿ," ಎಂದು ಸೊಸೆ ಪೊರಕೆ ತರಲು ಹೋದಳು.